ಬೋರ್ಡಿನಲ್ಲಿ ಬಾಕಿ ಉಳಿದ ಸಾಲು

ಪಾಪಿನಾಯಕನಹಳ್ಳಿಯ ಗವಿಸಿದ್ದಪ್ಪನ ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಮಾತ್ರೆಗಾಗಿ ಹೊಸಪೇಟೆಯ ಬಸ್ಸು ಹಿಡಿಯಬೇಕು. ಬಸ್ಸು ತಪ್ಪಿದರೆ ಕಿರಾಣಿ ಅಂಗಡಿಯವನು ಬೆಂಕಿಪೊಟ್ಟಣದ ಪಕ್ಕದ ಡಬ್ಬಿಯಿಂದ ಯಾವುದೋ ಒಂದು ಮಾತ್ರೆ ತೆಗೆದು ಕೊಡುತ್ತಾನೆ. ಅದು ಯಾವುದಕ್ಕೆಂದು ಕೊಡುವವನಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಇದನ್ನು ನೋಡುತ್ತ ಬೆಳೆದ ಗವಿಸಿದ್ದಪ್ಪನ ಮಗಳು ಪಂಪಾವತಿ ಒಂದೇ ಆಸೆ ಇಟ್ಟುಕೊಂಡಿದ್ದಳು. ಊರಲ್ಲೇ ಔಷಧಿ ಅಂಗಡಿ ತೆರೆಯಬೇಕು, ತಾನೇ ಕೂತು ಸರಿಯಾದ ಔಷಧಿ ಕೊಡಬೇಕು.

ಗವಿಸಿದ್ದಪ್ಪ ಕಂಪ್ಲಿಯ ರೈಸ್ ಮಿಲ್ಲಿಗೆ ಭತ್ತ ಕೊಳ್ಳುವ ಮನುಷ್ಯ. ಆ ಕೆಲಸದಲ್ಲಿ ಅವನಿಗೆ ಮೋಸ ಮಾಡಿದವರಿಲ್ಲ. ಚೀಲದ ತಳದವರೆಗೆ ಕೊಳವೆ ಚುಚ್ಚಿ, ಕಾಳನ್ನು ಅಂಗೈಗೆ ಸುರಿದುಕೊಂಡು, ಉಜ್ಜಿ, ಹಲ್ಲಿನಲ್ಲಿ ಕಡಿದು ನೋಡದೆ ಒಂದು ಚೀಲವನ್ನೂ ಒಪ್ಪುವವನಲ್ಲ. ಸ್ವಂತ ಅಣ್ಣನ ಹೊಲದ ಭತ್ತಕ್ಕೂ ಇದೇ ನಿಯಮ.

ಮಗಳ ವಿಷಯದಲ್ಲಿ ಮಾತ್ರ ಅವನಿಗೆ ಎಲ್ಲಿಲ್ಲದ ಅವಸರ. ಅವಳು ಸೈನ್ಸ್ ತಗೊಂಡು ಪಿಯುಸಿ ಪಾಸಾದ ಸುದ್ದಿ ಬಂದದ್ದೇ ತಡ, ರಸ್ತೆ ಕಡೆಯ ಕೋಣೆಗೆ ಸುಣ್ಣ ಹೊಡೆಸಿದ. ಪೇಂಟರ್ ಹುಲುಗಪ್ಪನಿಂದ 'ಪಂಪಾವತಿ ಮೆಡಿಕಲ್ಸ್' ಎಂದು ಬೋರ್ಡನ್ನೂ ಬರೆಸಿದ. ಹುಲುಗಪ್ಪ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು, ಅಲ್ಲಿ ಫಾರ್ಮಾಸಿಸ್ಟಿನ ಹೆಸರು, ನೋಂದಣಿ ನಂಬರು ಬರೆಯೋಣ, ಆಮೇಲೆ ಹೇಳಿರಿ ಎಂದಿದ್ದ. ಬೋರ್ಡಿಗೆ ಕುಂಕುಮ ಹಚ್ಚಿ ಕಾಯಿ ಒಡೆದದ್ದೂ ಆಯಿತು. ಹುಡುಗಿ ಇನ್ನೂ ಕಾಲೇಜಿನ ಮುಖ ನೋಡಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ಕಾಲೇಜು ಸಿಕ್ಕಿದ್ದು ಸಂಡೂರಿನ ಒಂದು ಮದುವೆಯಲ್ಲಿ. ಊಟಕ್ಕೆ ಪಕ್ಕದಲ್ಲಿ ಕೂತವರು ಕಾಲೇಜು ನಡೆಸುತ್ತಿದ್ದರು, ಮಾತಾಡಿ ನೋಡಿದರೆ ದೂರದ ನೆಂಟರೂ ಆಗಬೇಕು. 'ಮೆಡಿಕಲ್ ಸ್ಟೋರ್ ಡಿಪ್ಲೊಮಾ' ಎಂಬ ಕೋರ್ಸು, ಒಂದೇ ವರ್ಷ, ಭಾನುವಾರ ಮಾತ್ರ ಕ್ಲಾಸು ಎಂದರು. ನಮ್ಮವರೇ ಹೇಳಿದ ಮೇಲೆ ಮತ್ತೇನು ಕೇಳುವುದು? ಗವಿಸಿದ್ದಪ್ಪ ಹೋಳಿಗೆ ಮುರಿಯುತ್ತಲೇ ಒಪ್ಪಿಕೊಂಡು ಬಂದ.

ಸೋಮವಾರ ಅಡ್ಮಿಷನ್. ಹಿಂದಿನ ದಿನ ಚಿತ್ತವಾಡ್ಗಿಯಿಂದ ತ್ರಿವೇಣಿ ಬಂದಳು. ಅವಳು ಗವಿಸಿದ್ದಪ್ಪನ ಹೆಂಡತಿ ಚೆನ್ನಬಸಮ್ಮನ ಅಣ್ಣನ ಮಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಾಸಿಸ್ಟ್. ಬೋರ್ಡು ನೋಡಿ ಅವಳಿಗೂ ಖುಷಿಯಾಯಿತು. ಆದರೆ ಕೋರ್ಸಿನ ಹೆಸರು ಕೇಳಿದ್ದೇ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು.

"ಮಾವ, ಈ ಕೋರ್ಸ್ ಮುಗಿಸಿದ್ರ ಫಾರ್ಮಸಿ ಕೌನ್ಸಿಲ್‌ನಾಗ ಹೆಸರು ನೋಂದಣಿ ಆಗ್ತದೇನು, ಕೇಳಿರೇನ್ರಿ?"

ಗವಿಸಿದ್ದಪ್ಪ ನಕ್ಕ. ಕಾಲೇಜಿನವರೇ ಸರ್ಟಿಫಿಕೇಟ್ ಕೊಡುವಾಗ ನಡುವೆ ಈ ಕೌನ್ಸಿಲ್ ಯಾಕೆ ಎಂದ. ತ್ರಿವೇಣಿ ಬೇಸರಿಸದೆ ಬಿಡಿಸಿ ಹೇಳಿದಳು. ಔಷಧಿ ಅಂಗಡಿಗೆ ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಕಾದರೆ ನೋಂದಾಯಿತ ಫಾರ್ಮಾಸಿಸ್ಟ್ ಇರಬೇಕು. ನೋಂದಣಿ ಮಾಡುವುದು ರಾಜ್ಯದ ಫಾರ್ಮಸಿ ಕೌನ್ಸಿಲ್. ಅದು ಡಿ.ಫಾರ್ಮಾ, ಬಿ.ಫಾರ್ಮಾದಂಥ ಮಾನ್ಯ ಕೋರ್ಸುಗಳನ್ನು, ಅದೂ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿದ್ದರೆ ಮಾತ್ರ ಒಪ್ಪುತ್ತದೆ.

"ಕಾಲೇಜು ಓದಿಸ್ತದ ಮಾವ. ಅಂಗಡ್ಯಾಗ ಕುಂದ್ರೋ ಹಕ್ಕು ಕೊಡೋದು ಕೌನ್ಸಿಲ್. ಎರಡೂ ಬ್ಯಾರೆ ಬ್ಯಾರೆ."

ಗವಿಸಿದ್ದಪ್ಪನ ಹತ್ತಿರ ಇನ್ನೊಂದು ದಾರಿಯೂ ಇತ್ತು. ಪೇಟೆಯಲ್ಲಿ ಯಾರದೋ ಸರ್ಟಿಫಿಕೇಟ್ ಬಾಡಿಗೆಗೆ ತಂದು ಗೋಡೆಗೆ ತೂಗುಹಾಕುತ್ತಾರಂತೆ, ನಾವೂ ಹಾಗೆ ಮಾಡಿದರಾಯಿತು ಎಂದ. ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಅಂಗಡಿಗೆ ಬೀಗ ಬೀಳುತ್ತದೆ, ಬಾಡಿಗೆ ಕೊಟ್ಟವರ ಹೆಸರೂ ನೋಂದಣಿ ಪಟ್ಟಿಯಿಂದ ಹೋಗುತ್ತದೆ ಎಂದಳು ತ್ರಿವೇಣಿ. ಅಲ್ಲದೆ ಗೋಡೆಯ ಮೇಲಿನ ಕಾಗದ ಡಾಕ್ಟರ ಚೀಟಿ ಓದಿ ಮಾತ್ರೆ ಕೊಡುವುದಿಲ್ಲವಲ್ಲ.

ತ್ರಿವೇಣಿಯ ಗೆಳತಿ ಐಶ್ವರ್ಯ ಇಂಥದ್ದೇ ಕೋರ್ಸಿಗೆ ಸೇರಿದ್ದಳಂತೆ. ಮುಗಿಸಿ ನೋಂದಣಿಗೆ ಹೋದಾಗ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಮೊದಲಿಂದ ಡಿ.ಫಾರ್ಮಾ ಓದೋಣವೆಂದರೆ ಅಷ್ಟರಲ್ಲಿ ಮದುವೆಯ ಮಾತು ಬಂತು. ಓದೂ ಅಲ್ಲಿಗೇ ನಿಂತಿತು. ಇದನ್ನು ಹೇಳುವಾಗ ತ್ರಿವೇಣಿಯ ದನಿ ಸಣ್ಣದಾಯಿತು. ಪಂಪಾವತಿಗೂ ಆಗಲೇ ಮದುವೆ ಸಂಬಂಧ ಕೇಳಿಕೊಂಡು ಬರುತ್ತಿದ್ದರು. ಈ ಸಲ ದಾರಿ ತಪ್ಪಿದರೆ ಇನ್ನೊಮ್ಮೆ ಓದಿಸುವವರು ಯಾರು?

ಗವಿಸಿದ್ದಪ್ಪ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. ನೆಂಟರು ನಮಗೇ ಟೋಪಿ ಹಾಕುತ್ತಾರಾ ಎಂದ. ಆಗ ಪಂಪಾವತಿ ಬಾಯಿಬಿಟ್ಟಳು.

"ಅಪ್ಪಾ, ದೊಡ್ಡಪ್ಪನ ಭತ್ತಾನೂ ನೀನು ಚುಚ್ಚಿ ನೋಡದ ತಗೊಳ್ಳಂಗಿಲ್ಲ. ನನ್ನ ಕಾಲೇಜು ಒಂದನ್ನ ಯಾಕ ಹಂಗ ತಗೊಳ್ತಿ?"

ಚೆನ್ನಬಸಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಗವಿಸಿದ್ದಪ್ಪ ತಲೆ ಕೆರೆದುಕೊಂಡ.

ತ್ರಿವೇಣಿ ಫೋನಿನಲ್ಲಿ ಮಾನ್ಯ ಕಾಲೇಜುಗಳ ಪಟ್ಟಿ ತೆಗೆದಳು. ಎಲ್ಲರೂ ತಲೆಗೆ ತಲೆ ತಾಗಿಸಿ ಹುಡುಕಿದರು. ನೆಂಟರ ಕಾಲೇಜು ಅದರಲ್ಲಿ ಇರಲಿಲ್ಲ. ಆದರೂ ಒಂದು ಮಾತು ಕೇಳಿಯೇ ಬಿಡೋಣವೆಂದು ಗವಿಸಿದ್ದಪ್ಪ ಸೋಮವಾರ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದ.

"ಈ ಕೋರ್ಸ್ ಮ್ಯಾಲೆ ಕೌನ್ಸಿಲ್‌ನಾಗ ನೋಂದಣಿ ಆಗ್ತದಂತ ಒಂದು ಸಾಲು ಬರದು ಸಹಿ ಹಾಕಿ ಕೊಡ್ರಿ ಯಜಮಾನ್ರ, ಈಗ್ಲೇ ಸೇರಿಸ್ತೀನಿ" ಎಂದ.

ನೆಂಟರು ಬರೆದು ಕೊಡಲಿಲ್ಲ. ನಗುತ್ತ ಚಹಾ ತರಿಸಿದರು, ಕೆಲಸ ಗ್ಯಾರಂಟಿ ಎಂದರು, ಹಿಂದಿನ ವಿದ್ಯಾರ್ಥಿಗಳ ಫೋಟೋ ತೋರಿಸಿದರು. ಗವಿಸಿದ್ದಪ್ಪ ಇಂಥ ಚಹಾ ಬಹಳ ಕುಡಿದವನು. ತಳದ ಚೀಲಕ್ಕೆ ಕೈ ಹಾಕಲು ಹೋದಾಗಲೇ ಭತ್ತ ಮಾರುವ ಕೆಲವರು ಚಹಾ ತರಿಸುವುದು. ಲೋಟ ಮುಟ್ಟದೆ ಕೈ ಮುಗಿದು ಎದ್ದ. ನೆಂಟರ ಮುಖ ಮುರಿದು ಬಂದದ್ದಕ್ಕೆ ಅವನಿಗೆ ಸಂಕಟವೂ ಆಯಿತು. ಮಗಳ ಮುಖ ನೋಡಿದ ಮೇಲೆ ಆ ಸಂಕಟ ಹೋಯಿತು.

ಪಂಪಾವತಿಗೆ ಅದೇ ವರ್ಷ ಮಾನ್ಯತೆ ಇದ್ದ ಬೇರೆ ಕಾಲೇಜಿನಲ್ಲಿ ಡಿ.ಫಾರ್ಮಾ ಸೀಟು ಸಿಕ್ಕಿತು. ದಿನಾ ಕ್ಲಾಸು, ಬಸ್ಸಿನ ಓಡಾಟ, ಕೊನೆಗೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ತರಬೇತಿ. ಭಾನುವಾರದ ಕೋರ್ಸಿಗಿಂತ ಇದು ಕಷ್ಟವೇ. ಬೋರ್ಡು ಮಾತ್ರ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಬಾಡಿಗೆ ಸರ್ಟಿಫಿಕೇಟ್ ತಂದು ಅಂಗಡಿ ಶುರು ಮಾಡು ಎಂದು ಬುದ್ಧಿ ಹೇಳುವವರು ಈಗಲೂ ಬರುತ್ತಾರೆ. ಗವಿಸಿದ್ದಪ್ಪ ಅವರಿಗೆ ಬೋರ್ಡು ತಿರುಗಿಸಿ ಕೆಳಗಿನ ಖಾಲಿ ಜಾಗ ತೋರಿಸುತ್ತಾನೆ.

"ಒಂದು ಸಾಲು ಬಾಕಿ ಐತಿ. ಅದರಾಗ ನನ್ನ ಮಗಳ ಹೆಸರೇ ಬರಬೇಕು. ಅಲ್ಲೀತನ ಬೋರ್ಡ್ ಮ್ಯಾಲ ಏರಂಗಿಲ್ಲ."

ತಾಯಂದಿರೇ, ತಂದೆಯರೇ, ಈಗಷ್ಟೇ ಪಾಸಾದ ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಒಂದು ಆಸೆ ಇದ್ದೀತು. ಫಾರ್ಮಸಿ ಇರಲಿ, ನರ್ಸಿಂಗ್ ಇರಲಿ, ವಕೀಲಿಕೆ ಇರಲಿ, ಆ ಕೆಲಸ ಮಾಡಲು ನೋಂದಣಿ ಬೇಕೇ, ಈ ಕೋರ್ಸಿಗೆ, ಈ ಕಾಲೇಜಿಗೆ ಅದು ಸಿಗುತ್ತದೆಯೇ ಎಂದು ಸೇರುವ ಮೊದಲೇ ಕೇಳಿ. ಕಾಲೇಜಿನವರ ಬಾಯಿಮಾತು ಸಾಲದು, ಸಂಬಂಧಪಟ್ಟ ಕೌನ್ಸಿಲ್‌ನಲ್ಲೇ ವಿಚಾರಿಸಿ. ಗಡಿ ದಾಟಿ ಆಂಧ್ರದಲ್ಲಿ ಓದುವವರು, ಅಲ್ಲಿ ಓದಿದ್ದಕ್ಕೆ ನಮ್ಮ ರಾಜ್ಯದಲ್ಲಿ ನೋಂದಣಿ ಹೇಗೆಂದು ಈಗಲೇ ತಿಳಿದುಕೊಳ್ಳಿ. ಕೇಳಿದರೆ ನೆಂಟರು ಬೇಜಾರಾದಾರು, ಆಗಲಿ. ಬೇಜಾರು ನಾಳೆ ಹೋಗುತ್ತದೆ, ಮಗುವಿನ ಕಳೆದ ವರ್ಷ ತಿರುಗಿ ಬರುವುದಿಲ್ಲ.