ಸಂಕದಾಚೆಯ ಮನೆಗೆ ದೀಪ

ಕುಂದಾಪುರದ ಹಳೆ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಪ್ರೇಮಾನಂದನನ್ನು ಅರಿಯದ ಡ್ರೈವರ್ ಇರಲಿಲ್ಲ. ಬೈಂದೂರಿಂದ ಬರುವ ಬಸ್ಸು, ಉಡುಪಿಗೆ ಹೋಗುವ ಬಸ್ಸು, ನಡುವೆ ನುಸುಳುವ ಸಿದ್ದಾಪುರದ ಬಸ್ಸು, ಇವೆಲ್ಲ ಒಂದರ ಮೂತಿಗೆ ಒಂದು ತಾಗದೆ, ಅವುಗಳ ಕಂಡಕ್ಟರುಗಳು ಒಬ್ಬರ ಕಾಲರ್ ಒಬ್ಬರು ಹಿಡಿಯದೆ ದಿನ ಸಾಗುತ್ತಿದ್ದರೆ ಅದು ಅವನ ಸೀಟಿಯ ಪುಣ್ಯ. ಒಮ್ಮೆ ಪ್ಯಾಸೆಂಜರಿನ ವಿಷಯಕ್ಕೆ ದುಗ್ಗಪ್ಪ, ಬಚ್ಚ ಎಂಬಿಬ್ಬರು ಡ್ರೈವರುಗಳು ನಡುರಸ್ತೆಯಲ್ಲೇ ಹೊಡೆದಾಡಿಕೊಂಡರು. ಪ್ರೇಮಾನಂದ ಬುದ್ಧಿ ಹೇಳಲಿಕ್ಕೆ ಹೋಗಲಿಲ್ಲ. ಇಬ್ಬರ ಬಸ್ಸುಗಳ ಟೈಮನ್ನು ಬೇರೆ ಮಾಡಿದ, ಅಷ್ಟೇ. ಆಮೇಲೆ ಅವರು ಒಬ್ಬರ ಮುಖ ಒಬ್ಬರು ಕಾಣಲಿಲ್ಲ, ಜಗಳವೂ ಆಗಲಿಲ್ಲ. ಎದುರಾಗದಿದ್ದರೆ ಜಗಳವೇ ಇಲ್ಲ ಎಂಬುದು ಅವನು ಬದುಕಿನಿಂದ ಕಲಿತ ಒಂದೇ ಪಾಠ. ಕೆಲವರು ಹೀಗೆ, ಒಂದು ಪಾಠ ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತಾರೆ.

ಈ ಜಾಣತನ ಕಂಡೇ ಇರಬೇಕು, ಚರ್ಚಿನ ಸಭೆಯವರು ಅವನನ್ನು ಹಿರಿಯನನ್ನಾಗಿ ಆರಿಸಿ ದೀಪದ ಹೊಣೆಯನ್ನೂ ಒಪ್ಪಿಸಿದ್ದರು. ಅವರದು ಸಣ್ಣ ಸಭೆ. ಅಜ್ಜಂದಿರ ಕಾಲದಲ್ಲಿ ಹಂಚಿನ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿದ ಪ್ರೊಟೆಸ್ಟಂಟ್ ಮನೆಗಳು ಕೋಟೇಶ್ವರದಿಂದ ಯಡ್ತರೆಯ ತನಕ ಹೆದ್ದಾರಿಯ ಉದ್ದಕ್ಕೂ ಚೆದುರಿಕೊಂಡಿದ್ದವು. ಕ್ರಿಸ್‌ಮಸ್ಸಿಗೆ ಮೊದಲಿನ ನಾಲ್ಕು ವಾರ, ಆಗಮನ ಕಾಲದಲ್ಲಿ, ದೇವಾಲಯದಿಂದ ಒಂದು ಲಾಟೀನು ಹೊರಡುತ್ತಿತ್ತು. ಒಂದು ದಿನ ಒಂದು ಮನೆ. ಮರುದಿನ ಸಂಜೆ ಆ ಮನೆಯ ಹೆಂಗಸೇ ಅದನ್ನು ಹಿಡಿದು ಮುಂದಿನ ಮನೆಯ ಮೆಟ್ಟಿಲ ಬುಡದಲ್ಲಿ ನಿಂತು "ಬೆಳಕು ಬಂದಿದೆ" ಎನ್ನಬೇಕು. ಆ ಮನೆಯವಳು ಹೊರಗೆ ಬಂದು "ಒಳಗೆ ಬನ್ನಿ" ಎನ್ನಬೇಕು. ಒಳಗೆ ಹೋಗಿ, ಕೂತು, ಒಟ್ಟಿಗೆ ಪ್ರಾರ್ಥನೆ ಮಾಡಿ, ಕೊಟ್ಟದ್ದನ್ನು ತಿಂದೇ ಏಳಬೇಕು. ದೂರದ ಮನೆಯಾದರೆ ಲಾಟೀನು ಬಸ್ಸು ಹತ್ತುತ್ತಿತ್ತು. ಪ್ರೇಮಾನಂದನ ಮುಲಾಜಿಗೆ ಡ್ರೈವರುಗಳು ಅದಕ್ಕೆ ತಮ್ಮ ಪಕ್ಕದಲ್ಲೇ ಜಾಗ ಕೊಡುತ್ತಿದ್ದರು, ಟಿಕೆಟ್ ಕೇಳುತ್ತಿರಲಿಲ್ಲ. ಯಾವ ಮನೆಯಿಂದ ಯಾವ ಮನೆಗೆ ಎಂಬುದು ಅವನ ತಲೆಯಲ್ಲಿತ್ತು. ಬಸ್ಸಿನ ಟೈಮು ಕೇಳಿದಂತೆ ಜನ ಅವನನ್ನೇ ಕೇಳುತ್ತಿದ್ದರು.

ಅವನ ಮನೆ ತಲ್ಲೂರಿನಲ್ಲಿ. ಮನೆ ಹಿಂದೆ ಒಂದು ತೋಡು, ತೋಡಿಗೆ ಎರಡು ತೆಂಗಿನ ಮರ ಅಡ್ಡ ಹಾಕಿದ ಸಂಕ, ಸಂಕ ದಾಟಿದರೆ ವಿನಯಾಳ ಮನೆ. ವಿನಯಾ ಅವನ ಹೆಂಡತಿ ಸುಗುಣಳ ಸ್ವಂತ ತಂಗಿ. ಈ ಮನೆಯಲ್ಲಿ ಸಾಸಿವೆ ಸಿಡಿದರೆ ಆ ಮನೆಗೆ ಕೇಳುವಷ್ಟು ಹತ್ತಿರ. ಆದರೂ ಲಾಟೀನು ಮಾತ್ರ ಸುಗುಣಳ ಕೈಯಿಂದ ಬಸ್ಸು ಹತ್ತಿ ಹೆಮ್ಮಾಡಿಗೆ ಹೋಗಿ, ಅಲ್ಲಿ ಮೂರು ನಾಲ್ಕು ಮನೆ ಸುತ್ತಿ, ಮತ್ತೆ ತಲ್ಲೂರಿಗೆ ಇಳಿದು ವಿನಯಾಳ ಅಂಗಳಕ್ಕೆ ಬರುತ್ತಿತ್ತು. ಸಭೆಯವರಿಗೆಲ್ಲ ಇದು ನಗೆಯ ವಿಷಯ. ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಕಾರಣ ಎಲ್ಲರಿಗೂ ಗೊತ್ತಿತ್ತು.

ಅಕ್ಕತಂಗಿಯರ ಅಬ್ಬಿ, ಅಂದರೆ ತಾಯಿ, ಬ್ರಹ್ಮಾವರದ ಮನೆ ಬಿಟ್ಟು ಕೊನೆಗಾಲಕ್ಕೆ ವಿನಯಾಳ ಮನೆಗೆ ಬಂದಿದ್ದಳು. ಉಬ್ಬಸ, ಮೈಯೆಲ್ಲ ಬಾವು. ಡಾಕ್ಟರು ಪಥ್ಯ ಹೇಳಿದ್ದರು. ಮುದುಕಿಗೆ ಮಾತ್ರ ಒಂದೇ ಜಪ, ಮರುವಾಯಿ ಸುಕ್ಕ ಬೇಕು. ಹೊಳೆಯ ಚಿಪ್ಪನ್ನು ಬಿಡಿಸಿ ತೆಂಗಿನಕಾಯಿ ಮಸಾಲೆ ಹಾಕಿ ಹುರಿದ ಆ ಪಲ್ಯಕ್ಕಾಗಿ ಮಗುವಿನ ಹಾಗೆ ಹಟ. ಒಂದು ದಿನ ವಿನಯಾ ತಡೆಯಲಾರದೆ ಮಾಡಿ ಬಾಯಿಗೆ ಎರಡು ತುತ್ತು ಇಟ್ಟಳು. ವಾರ ತುಂಬುವ ಮೊದಲೇ ಮುದುಕಿ ಹೋಗಿಬಿಟ್ಟಳು. ಸ್ಮಶಾನದಲ್ಲಿ, ಮಣ್ಣು ಹಾಕಿದ ಕೈ ಇನ್ನೂ ತೊಳೆಯದೆ ಜನ ನಿಂತಿರುವಾಗ, ಸುಗುಣ ತಂಗಿಯ ಮುಖಕ್ಕೇ ಹೇಳಿದಳು.

"ಅಬ್ಬಿನ್ ಕೊಂದದ್ ನೀನೇ."

ಅಂದಿನಿಂದ ಸಂಕದ ಮೇಲೆ ಹುಲ್ಲು ಬೆಳೆಯಿತು. ಸುಗುಣಳ ನಾಲಗೆ ಹರಿತ, ಇಲ್ಲವೆನ್ನುವುದಿಲ್ಲ. ಆದರೆ ಆ ನಾಲಗೆಯಿಂದ ಅತಿಹೆಚ್ಚು ಗಾಯ ಆದದ್ದು ಅವಳಿಗೇ ಎಂಬುದನ್ನು ಅವಳ ಮಗ್ಗುಲಲ್ಲಿ ಮಲಗುವ ಗಂಡನಾದರೂ ತಿಳಿಯಬೇಕಿತ್ತು. ಅವನು ತಿಳಿಯಲು ಹೋಗಲಿಲ್ಲ. ಮನೆ ತಣ್ಣಗಿತ್ತು, ಅವನಿಗೆ ಅಷ್ಟು ಸಾಕಿತ್ತು.

ಎರಡು ಸಾವಿರದ ಒಂದನೇ ಇಸವಿಯ ಆಗಮನ ಕಾಲಕ್ಕೆ ಮುಂಚಿನ ಶನಿವಾರ, ವಿನಯಾ ಬಸ್‌ಸ್ಟ್ಯಾಂಡಿಗೆ ಬಂದು ಅವನ ಮೇಜಿನ ಎದುರು ನಿಂತಳು. ಗಂಡ ತೀರಿಹೋಗಿದ್ದ ಹೆಂಗಸು, ಮಗ ರತೀಶ್ ಮುಂಬೈಯ ಒಂದು ಹೊಟೇಲಿನ ಕ್ಯಾಶಿನಲ್ಲಿ ಕೂರುತ್ತಿದ್ದ.

"ಭಾವ, ಒಂದ್ ಮಾತ್ ಕೇಣ್ಕಿತ್," ಎಂದಳು. "ಈ ವರ್ಷ ದೀಪ ಅಕ್ಕನ ಕೈಯಿಂದ್ಲೇ ನಮ್ಮನಿಗ್ ಬರ್ಲಿ. ಹೆಮ್ಮಾಡಿ ಸುತ್ತುದ್ ಎಂತಕ್ಕೆ? ಸಂಕ ದಾಟ್ರೆ ಆಯ್ತಲ್ದಾ?"

ಪ್ರೇಮಾನಂದ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದ. "ಅವ್ಳ್ ಎಂತ ಅಂತ್ಳೋ ಏನೋ ಮಾರಾಯ್ತಿ."

"ಬೈದ್ರೆ ಬೈಲಿ ಭಾವ. ಬೈಸ್ಕಂಬುಕಾದ್ರೂ ಒಂದ್ ಸಲ ಎದ್ರ್ ಸಿಕ್ಕುಕಲ್ದಾ? ನಾ ಬಾಗ್ಲಂಗೇ ನಿಂತಿರ್ತೆ. ಅವ್ಳ್ ಬಾಯ್ ಬಿಡುಕ್ ಮೊದ್ಲೇ ಒಳ್ಗ್ ಬನ್ನಿ ಅಂತೆ." ಮತ್ತೆ ಹೇಳಿದಳು, "ಬಪ್ಪ ವರ್ಷ ನಾ ಇಲ್ಲಿರ್ತೆ ಅಂದೇನ್ ಇಲ್ಲೆ."

ಬರುವ ವರ್ಷದೊಳಗೆ ಮಗನ ಹತ್ತಿರ ಹೋಗುವ ಅಂದಾಜಿರಬೇಕು ಎಂದುಕೊಂಡ ಅವನು. ಅಷ್ಟರಲ್ಲಿ ಬೈಂದೂರಿನ ಬಸ್ಸು ಹಾರ್ನ್ ಹಾಕುತ್ತ ಒಳಗೆ ನುಗ್ಗಿತು. "ಕಾಂಬ," ಎಂದು ಹೇಳಿ ಸೀಟಿ ಬಾಯಿಗಿಟ್ಟು ಓಡಿದ. ಕಾಂಬ ಎಂದರೆ ನೋಡೋಣ. ಕುಂದಾಪುರದ ಕಡೆ ಈ ಮಾತಿಗೆ ಹೌದೆಂದೂ ಅರ್ಥವಿಲ್ಲ, ಇಲ್ಲವೆಂದೂ ಇಲ್ಲ. ಪ್ರೇಮಾನಂದನಂಥವರಿಗೆ ಬಲು ಪ್ರೀತಿಯ ಮಾತು.

ಹೆಂಡತಿಯ ಹತ್ತಿರ ಕೇಳಲೇಬೇಕು ಎಂದುಕೊಂಡೇ ಮನೆಗೆ ಬಂದ. ಸುಗುಣ ಕ್ರಿಸ್‌ಮಸ್ಸಿನ ಚಕ್ಕುಲಿಗೆ ಹಿಟ್ಟು ನಾದಿ ಒರಳಿನಲ್ಲಿ ಒತ್ತುತ್ತಿದ್ದಳು. ಚಕ್ಕುಲಿ ತುಂಡು ತುಂಡಾಗಿ ಬೀಳುತ್ತಿತ್ತು. ಅಂಗಡಿಯವನಿಗೂ ಅಕ್ಕಿಗೂ ಒಲೆಗೂ ಅವಳಿಂದ ಬೈಗುಳ ಸಲ್ಲುತ್ತಿತ್ತು. ಅವನು ಬಾಗಿಲಿಗೆ ಒರಗಿ "ಅಲ್ದಾ..." ಎಂದ.

"ಎಂತ?" ಎಂದಳು, ತಿರುಗದೆ.

"ಎಂತ ಇಲ್ಲೆ. ಒಂಚೂರ್ ನೀರ್ ಕೊಡ್."

ಮುಗಿಯಿತು. ಮರುದಿನ ದೇವಾಲಯದಲ್ಲಿ ಆಗಮನದ ಮೊದಲ ಮೊಂಬತ್ತಿ ಹಚ್ಚಿದರು. ಇಡೀ ಸಭೆ ಎದ್ದು ನಿಂತು, ಕರ್ತನೇ ಬಾ, ತಡಮಾಡದೆ ಬಾ ಎಂದು ಬೇಡಿಕೊಂಡಿತು. ಎಲ್ಲರಿಗಿಂತ ಗಟ್ಟಿಯಾಗಿ ಬೇಡಿಕೊಂಡವನು ಪ್ರೇಮಾನಂದ. ಬಾಗಿಲು ತೆರೆದು ಕಾಯಲು ಸಿದ್ಧಳಿದ್ದವಳನ್ನು ನಿನ್ನೆ ತಾನೇ ಕಾಂಬ ಎಂದು ತಡೆದು ಬಂದವನಿಗೆ ಅದು ಹೊಳೆಯಲೇ ಇಲ್ಲ. ಅವನಿಗೆ ಭಕ್ತಿ ಎಂದರೆ ಭಾನುವಾರದ ಇಸ್ತ್ರಿ ಅಂಗಿ. ಸೋಮವಾರದ ಖಾಕಿಗೆ ಅದರ ಗೊಡವೆ ಇರಲಿಲ್ಲ.

ಎರಡನೇ ವಾರ ಲಾಟೀನು ಅವನ ಮನೆಗೆ ಬಂತು. ಮರುದಿನ ಸಂಜೆ ಡ್ಯೂಟಿ ಮುಗಿಸಿ ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಡುಗೆ ಮನೆಯಿಂದ ಸುಗುಣಳ ದನಿ ಕೇಳಿಸಿತು.

"ದೀಪ ಎಲ್ಲಿಗ್ ಈ ಸಲ?"

"ಹೆಮ್ಮಾಡಿಗೆ. ಚಂದಯ್ಯನ ಮನಿಗೆ."

ಒಳಗೆ ಪಾತ್ರೆಯ ಸದ್ದು ನಿಂತಿತು. "ಸಂಕದಾಚಿಗ್ ಅಲ್ದಾ?"

"ಅಲ್ಲ."

"ಅವ್ಳ್ ಬ್ಯಾಡ ಅಂದ್ಲಾ?"

ಇಲ್ಲ, ಅವಳೇ ಬಂದು ಕೇಳಿದ್ದಳು, ನಾನೇ ನಿನಗೆ ಹೇಳಲಿಲ್ಲ, ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಕೊಡಬೇಕು, ಕೊಟ್ಟ ಉತ್ತರಕ್ಕೆ ಬೈಸಿಕೊಳ್ಳಬೇಕು. ಪ್ರೇಮಾನಂದನ ಬಾಯಿ ಅವನಿಗಿಂತ ಮುಂದೆ ಓಡಿತು.

"ಹ್ಞೂಂ. ಅವ್ಳಿಗ್ ಮನಸ್ಸ್ ಇದ್ದಂಗ್ ಕಾಂತಿಲ್ಲೆ."

ಹೇಳಿ ಒಳಗೆ ಕಾಲಿಟ್ಟ. ಸುಗುಣ ಮದುವೆಗೆ ಮಾತ್ರ ಉಡುವ ನೀಲಿ ಸೀರೆ ಉಟ್ಟಿದ್ದಳು. ತಲೆ ಬಾಚಿ ತುರುಬು ಕಟ್ಟಿದ್ದಳು. ಮನೆಯೆಲ್ಲ ಮರುವಾಯಿ ಸುಕ್ಕದ ಪರಿಮಳ. ತಾಯಿ ತೀರಿಕೊಂಡ ಮೇಲೆ ಆ ಒಲೆಯ ಮೇಲೆ ಮರುವಾಯಿ ಬೆಂದದ್ದೇ ಇಲ್ಲ. ಈಗ ಅದನ್ನು ಸ್ಟೀಲಿನ ಕ್ಯಾರಿಯರಿಗೆ ತುಂಬಿ, ಮೇಲೊಂದು ಶುಭ್ರ ಬಟ್ಟೆ ಕಟ್ಟಿ, ಲಾಟೀನಿನ ಪಕ್ಕದಲ್ಲೇ ಇಟ್ಟಿದ್ದಳು. ತಪ್ಪಾಯಿತು ಎಂದು ಬಾಯಲ್ಲಿ ಹೇಳಲು ಬಾರದ ಹೆಂಗಸು ಅದನ್ನು ಬೇಯಿಸಿ ಇಟ್ಟಿದ್ದಳು. ಪ್ರೇಮಾನಂದನಿಗೆ ಎಲ್ಲ ಅರ್ಥವಾಯಿತು, ಆದರೂ ಹೇಳಿದ ಸುಳ್ಳನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಸುಗುಣ ಕ್ಯಾರಿಯರನ್ನು ಅಲ್ಲೇ ಬಿಟ್ಟು ಲಾಟೀನು ಎತ್ತಿಕೊಂಡಳು. "ಹಾಂಗಾರ್ ಹೊರ್ಡುವ. ಬಸ್ಸಿಗ್ ಹೊತ್ತಾಯ್ತ್," ಎಂದಳು. ಹೆಮ್ಮಾಡಿಯಲ್ಲಿ ಚಂದಯ್ಯನ ಮೆಟ್ಟಿಲ ಬುಡದಲ್ಲಿ ನಿಂತು ಬೆಳಕು ಬಂದಿದೆ ಎಂದಳು. ಒಳಗೆ ಕೂತಳು, ಕೊಟ್ಟ ಅವಲಕ್ಕಿ ತಿಂದಳು, ನಕ್ಕು ಮಾತಾಡಿದಳು. ಮನೆಗೆ ಬಂದು ಕ್ಯಾರಿಯರ್ ಬಿಚ್ಚಿ ಗಂಡನ ಬಟ್ಟಲಿಗೆ ಸುರಿದಳು. ತಾನು ಮುಟ್ಟಲಿಲ್ಲ. ಅವನು ತಿಂದ. ಅಂಥ ರುಚಿಯ ಸುಕ್ಕ ಅವನು ಉಂಡದ್ದಿಲ್ಲ, ಅಷ್ಟು ಕಷ್ಟಪಟ್ಟು ಏನನ್ನೂ ನುಂಗಿದ್ದೂ ಇಲ್ಲ.

ನಾಳೆ ಹೇಳಿದರಾಯಿತು ಎಂದುಕೊಂಡ. ಲಾಟೀನು ಹೆಮ್ಮಾಡಿ ಸುತ್ತಿ ವಿನಯಾಳ ಮನೆಗೆ ಬರುವ ಸಂಜೆ ಬೇಕೆಂದೇ ಇನ್ನೊಬ್ಬನ ಡ್ಯೂಟಿ ತಾನು ತೆಗೆದುಕೊಂಡ. ಕ್ರಿಸ್‌ಮಸ್ ಆರಾಧನೆಯಲ್ಲಿ ಇಬ್ಬರನ್ನೂ ಎದುರು ನಿಲ್ಲಿಸಿ ಹೇಳಿಬಿಡುತ್ತೇನೆ ಎಂದುಕೊಂಡ. ಆರಾಧನೆಗೆ ವಿನಯಾ ಬರಲಿಲ್ಲ. ರತೀಶ್ ಬಂದು ಎರಡು ದಿನ ಮೊದಲೇ ತಾಯಿಯನ್ನು ಮುಂಬೈ ರೈಲು ಹತ್ತಿಸಿಕೊಂಡು ಹೋಗಿದ್ದ. ಮೀನು ಮಾರುವ ಜಲಜ ಬುಟ್ಟಿ ಇಳಿಸುತ್ತ ಆ ಸುದ್ದಿ ಹೇಳಿದಾಗ ಸುಗುಣ ಬಂಗುಡೆ ಆರಿಸುತ್ತಲೇ ಇದ್ದಳು.

"ಹೋಪತಿಗೆ ಒಂದ್ ಮಾತ್ ಹೇಳುಕ್ ಬಂದಿದ್ಲಾ?" ಎಂದು ಜಲಜ ಕೇಳಿದಳು.

"ನಾ ಅವ್ಳಿಗ್ ಎಂತ ಆಯ್ಕ್?" ಎಂದು ಸುಗುಣ ಮೀನು ಒಳಗೆ ಒಯ್ದಳು.

ಆಮೇಲಿನದು ಒಂದು ವರ್ಷ. ಬರೆದರೆ ಒಂದು ಸಾಲು, ಅನುಭವಿಸಿದವನಿಗೆ ಗೊತ್ತು ಅದರ ಉದ್ದ. ಸುಗುಣ ಬೈಯುವುದು ಕಡಿಮೆಯಾಯಿತು. ಸಂಜೆ ಹೊತ್ತು ಹಿತ್ತಲ ಬಾಗಿಲಲ್ಲಿ ನಿಂತು ಬೀಗ ಹಾಕಿದ ಆ ಮನೆಯನ್ನು ನೋಡುವುದು ಹೆಚ್ಚಾಯಿತು. ತಂಗಿಗೆ ತಾನು ಬೇಡವಾದೆ ಎಂಬ ನೋವು ಅವಳನ್ನು ಒಳಗಿಂದೊಳಗೇ ತಿನ್ನುತ್ತಿದ್ದುದನ್ನು ಅವನು ದಿನಾ ಕಂಡ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು, ಯಾಕೆಂದರೆ ಈಗ ಸುಳ್ಳಿನ ಜೊತೆಗೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬುದಕ್ಕೂ ಲೆಕ್ಕ ಕೊಡಬೇಕಿತ್ತು. ದೇವರ ಎದುರು ಮಾತ್ರ ಒಪ್ಪಿಕೊಂಡಿದ್ದ. ಅದು ಸುಲಭ, ದೇವರು ತಿರುಗಿ ಬೈಯುವುದಿಲ್ಲ.

ಮರುವರ್ಷದ ಆಗಮನ ಕಾಲ ಶುರುವಾಗಿ ಕೆಲವು ದಿನವಾಗಿತ್ತು. ಬಸ್‌ಸ್ಟ್ಯಾಂಡಿನ ಫೋನಿಗೆ ರತೀಶನ ಕರೆ ಬಂತು. ಎದೆಯಲ್ಲಿ ಗಂಟು, ಊರು ಬಿಡುವ ಮೊದಲೇ ಅಮ್ಮನಿಗೆ ಗೊತ್ತಿತ್ತಂತೆ, ಯಾರಿಗೂ ಹೇಳಬೇಡ ಅಂದಿದ್ದಳು, ನಿನ್ನೆ ಹೋದಳು, ಇಲ್ಲೇ ಮಣ್ಣು ಮಾಡಿದೆವು ಎಂದ. ಪ್ರೇಮಾನಂದ ಫೋನಿಟ್ಟ. ಬೈಂದೂರಿನ ಬಸ್ಸೂ ಉಡುಪಿಯ ಬಸ್ಸೂ ಎದುರುಬದುರು ನಿಂತು ಹಾರ್ನ್ ಬಡಿಯುತ್ತಿದ್ದವು. ಅವನು ಅವುಗಳ ನಡುವೆಯೇ ನಡೆದು ಮನೆಗೆ ಬಂದ.

ನಡುಹಗಲಲ್ಲಿ ಗಂಡ ಬಂದದ್ದು ನೋಡಿಯೇ ಸುಗುಣಳಿಗೆ ಏನೋ ಆಗಿದೆ ಎಂದು ತಿಳಿಯಿತು. ಅವನು ಹೇಳಿದ. ಅವಳು ಜಗಲಿಯ ಮೇಲೆ ಕುಸಿದು ಕೂತಳು. ಅಳಲಿಲ್ಲ. ತನಗೆ ತಾನೇ ಎಂಬಂತೆ ಹೇಳಿದಳು.

"ಸಾಯುವರೆಗೂ ಅವ್ಳಿಗ್ ನಾ ಬ್ಯಾಡ್ವೇ ಆದೆ."

ಈ ಮಾತು ಮಾತ್ರ ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಅವ್ಳ್ ಬ್ಯಾಡ ಅನ್ಲಿಲ್ಲೆ," ಎಂದ. "ಅವ್ಳೇ ಬಸ್‌ಸ್ಟ್ಯಾಂಡಿಗ್ ಬಂದ್ ಕೇಂಡಿದ್ಲ್. ದೀಪ ಅಕ್ಕನ ಕೈಯಿಂದ್ಲೇ ಬರ್ಲಿ ಅಂದಿದ್ಲ್. ನಿಂಗ್ ಹೇಳುಕ್ ಹೆದ್ರಿ ನಾನೇ ಸುಳ್ಳ್ ಹೇಳ್ದೆ."

ಕಣ್ಣು ಮುಚ್ಚಿ ನಿಂತ. ಕೈಗೆ ಸಿಕ್ಕಿದ್ದು ತೂರಿ ಬರಲಿ, ಬೈಗುಳ ಬರಲಿ, ತವರಿನವರನ್ನೆಲ್ಲ ಕೂಗಿ ಕರೆಯಲಿ, ಏನು ಬೇಕಾದರೂ ಆಗಲಿ ಎಂದುಕೊಂಡ. ಏನೂ ಬರಲಿಲ್ಲ. ಕಣ್ಣು ತೆರೆದರೆ ಸುಗುಣ ಅವನ ಮುಖವನ್ನೇ ನೋಡುತ್ತಿದ್ದಳು.

"ಅವ್ಳೇ ಕೇಂಡ್ಲಾ? ಬಾಯ್ ಬಿಟ್ಟ್?"

"ಹ್ಞೂಂ."

"ಎಂತ ಅಂದ್ ಕೇಂಡ್ಲ್?"

ಅವನು ಹೇಳಿದ. ಬೈದರೆ ಬೈಯಲಿ ಅಂದದ್ದು, ಬಾಗಿಲಲ್ಲೇ ನಿಂತಿರ್ತೇನೆ ಅಂದದ್ದು, ಅಕ್ಕ ಬಾಯಿ ಬಿಡುವ ಮೊದಲೇ ಒಳಗೆ ಕರೆಯುತ್ತೇನೆ ಅಂದದ್ದು. ಸುಗುಣಳ ಬಾಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಹೊರಟಿತು. "ಬೈಸ್ಕಂಬುಕೂ ತಯಾರಾಯಿದ್ಲಾ ಹೆಣ್?" ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು.

ಪ್ರೇಮಾನಂದ ಎಷ್ಟೋ ಭಾನುವಾರ ವೇದಿಕೆಯ ಮೇಲೆ ನಿಂತು ಸುವಾರ್ತೆ ಓದಿದವನು. ಸುವಾರ್ತೆ ಎಂದರೆ ಏನೆಂದು ಅವತ್ತು ಜಗಲಿಯ ಮೇಲೆ ಅವನಿಗೆ ತಿಳಿಯಿತು. ನೀನು ಅವಳಿಗೆ ಬೇಕಾಗಿದ್ದೆ ಎಂಬ ಇಷ್ಟೇ ಸಣ್ಣ ಮಾತು. ಅದನ್ನು ಖಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಅವನು ಒಂದು ವರ್ಷ ಈ ಮನೆಯಲ್ಲಿ ಉಂಡಿದ್ದ, ಮಲಗಿದ್ದ. ಯಾವ ದಿನ ಬೇಕಾದರೂ ಕೊಡಬಹುದಿತ್ತು. ವಿನಯಾ ಬದುಕಿದ್ದ ದಿನಗಳಲ್ಲಿ ಕೊಡಬಹುದಿತ್ತು.

ಸುಗುಣ ಮುಖ ಒರೆಸಿಕೊಂಡಳು. "ಯಾವ ಸೀರಿ ಉಟ್ಟಿದ್ಲ್?"

ಅವನು ನೆನಪಿಸಿಕೊಳ್ಳಲು ನೋಡಿದ. ಬಸ್ಸಿನ ಹಾರ್ನ್ ಒಂದೇ ನೆನಪಾಯಿತು. "ಕಾಣ್ಲಿಲ್ಲೆ," ಎಂದ.

"ಸೊರ್ಗಿದ್ಲಾ?"

"ಅದೂ ಕಾಣ್ಲಿಲ್ಲೆ."

ಅವಳು ತಲೆಯಾಡಿಸಿ ಕಂಬಕ್ಕೆ ಒರಗಿದಳು. "ಇನ್ನೊಂದ್ ಸಲ ಹೇಳಿ. ಮೊದ್ಲಿಂದ."

ಅವನು ಅವಳ ಎದುರು ನೆಲದ ಮೇಲೆ ಕೂತ. ವಿನಯಾ ಮೇಜಿನ ಎದುರು ಬಂದು ನಿಂತದ್ದು, ಭಾವ ಎಂದು ಕರೆದದ್ದು ಎಲ್ಲ ಹೇಳಿದ. "ಅಷ್ಟೊತ್ತಿಗ್ ಬೈಂದೂರ್ ಬಸ್ ಬಂತ್. ನಾ ಕಾಂಬ ಅಂದೆ. ನಂದೇ ತಪ್ಪ್ ಸುಗುಣ, ನಾ ಆವತ್ತ್..."

ಸುಗುಣ ಕೈ ಅಡ್ಡ ಹಿಡಿದಳು.

"ನಿಮ್ದ್ ಬ್ಯಾಡ," ಎಂದಳು. "ಅವ್ಳ್ ಹೇಳಿದ್ದಷ್ಟೇ ಹೇಳಿ."