ಓವನ್ನಿನಲ್ಲಿಟ್ಟ ಅವರೆ ಬೀಜ

ಓವನ್ ಆರಿಸುವುದರಲ್ಲಿ ಕವಿತ ಏಮಾರಲಿಲ್ಲ. ಮಂಡ್ಯದ ಅಂಗಡಿಯಲ್ಲಿ ಹೊಳೆಯುವುದನ್ನೆಲ್ಲ ಬಿಟ್ಟು, ಎರಡು ಕೇಕಿನ ತಟ್ಟೆ ಹಿಡಿಯುವಂಥದ್ದನ್ನು ಅಳೆದು ತಂದಳು. ಅದಕ್ಕೆಂದೇ ಅರ್ಥಿಂಗ್ ಇರುವ ಬೇರೆ ಪಾಯಿಂಟ್ ಹಾಕಿಸಿ, ಗೋಡೆಯಿಂದ ಒಂದು ಗೇಣು ದೂರ ಇಟ್ಟಳು. ತಣ್ಣಗಾದ ಮೇಲೆ ಸೋಡಾಪುಡಿ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಫಳಫಳ ಅನ್ನಿಸುತ್ತಿದ್ದಳು. ಅಂಗಡಿಯ ಗಫಾರ್ ಸಾಬರು ಹೇಳಿದ್ದರಲ್ಲಿ ಒಂದನ್ನು ಮಾತ್ರ ಒಂದು ದಿನ ಮರೆತಳು: "ಸ್ವಿಚ್ ಹಾಕಕ್ಕೆ ಮುಂಚೆ ಬಾಗ್ಲು ತೆಗ್ದು ಒಳೀಕ್ ನೋಡ್ಬುಡಮ್ಮ, ದಿನಾನೂ."

ಅತ್ತೆ ಮಲ್ಲಿಗಮ್ಮನಿಗೆ ಆ ಪೆಟ್ಟಿಗೆಯಲ್ಲಿ ಕಂಡ ಗುಣ ಒಂದೇ, ಇಲಿ ಇರುವೆ ನುಗ್ಗುವುದಿಲ್ಲ. ತವರು ಬೆಳಕವಾಡಿಯಿಂದ ತಂದು ನಲವತ್ತು ವರ್ಷ ಬೆಳೆಬೆಳೆದು ಕಾಪಾಡಿದ ಅವರೆ ಬೀಜವನ್ನು ಬೂದಿ ಬೆರೆಸಿ, ಕುಡಿಕೆಗೆ ತುಂಬಿ, ಒಂದು ಸಂಜೆ ಅದರೊಳಗಿಟ್ಟಳು. ಕಪಾಟಿನಲ್ಲಿ ಏನಿಟ್ಟೆ ಎಂದು ಯಾರು ಯಾರಿಗೆ ಹೇಳಿಕೊಂಡು ತಿರುಗುತ್ತಾರೆ?

ಮರುದಿನ ಕವಿತ ಕೇಕಿಗೆ ಕಲಸಿಟ್ಟು, ಓವನ್ ಕಾಯಲೆಂದು ಸ್ವಿಚ್ ಹಾಕಿದಳು. ಆಮೇಲೆ ಬಾಗಿಲು ತೆಗೆದರೆ ಬಿಸಿ ಬೂದಿಯ ವಾಸನೆ. ಕುಡಿಕೆ ಇಳಿಸಿ ನೋಡಿದಳು. ಕಾಳು ಕರಕಲಾಗಿರಲಿಲ್ಲ. ಮನೆಯವರೊಡನೆ ಹಟ ಹಿಡಿದು ತರಿಸಿದ ಓವನ್ನು, ಮೊದಲ ತಿಂಗಳಲ್ಲೇ ಅದರಿಂದ ಬೈಸಿಕೊಳ್ಳಲು ಅವಳಿಗೆ ಮನಸ್ಸಿಲ್ಲ. "ಕಾಯ್ಸೋ ಮುಂಚೆನೇ ಎತ್ತಿಟ್ಟೆ ಅತ್ತೆ" ಅಂದುಬಿಟ್ಟಳು. ಅಂದೇ ನಿಜ ಹೇಳಿದ್ದರೆ ಬೇರೆ ಬೀಜ ಸಿಗುತ್ತಿತ್ತು, ಪಕ್ಕದ ಮನೆ ಚಿಕ್ಕಬೋರಮ್ಮನ ಹತ್ತಿರ ಅದೇ ಬೀಜ ಎರಡು ಸೇರು ಇತ್ತು. ಮುಂದಿನ ವಾರ ಅದೂ ಸಾರಾಗಿ ಮುಗಿಯಿತು.

ಊರಲ್ಲಿ ಯಾರ ಹೊಲಕ್ಕಾದರೂ ಮೊದಲ ಹಿಡಿ ಬೀಜ ಹಾಕಲು ಮಲ್ಲಿಗಮ್ಮನನ್ನೇ ಕರೆಯುವುದು, ಅವಳ ಕೈಗುಣ ಅಂಥದ್ದು. ಆದರೆ ಆ ಆಷಾಢದಲ್ಲಿ ಪಕ್ಕದ ಹೊಲಗಳಲ್ಲಿ ಅವರೆ ಎರಡೆಲೆ ಬಿಟ್ಟರೂ, ಆ ಕುಡಿಕೆಯ ಬೀಜ ಬಿತ್ತಿದ ಅವಳ ಹೊಲದಲ್ಲಿ ಒಂದು ಮೊಳಕೆಯೂ ಏಳಲಿಲ್ಲ. ರಾಗಿ ಬಿತ್ತನೆಗೆ ಕರೆಯಲು ಬಂದ ಚಲುವಮ್ಮನನ್ನು ಬಾಗಿಲಲ್ಲೇ ತಡೆದಳು.

"ನನ್ನ ಕರೀಬ್ಯಾಡ ಕಣಮ್ಮ. ಕೈಗುಣ ಓಯ್ತು. ನಿಮ್ಮೊಲ ಯಾಕ್ ಆಳ್ಮಾಡ್ಲಿ?"

ಅವಳು ಹೋದ ಮೇಲೂ ಮಲ್ಲಿಗಮ್ಮ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. ಕವಿತಳಿಗೆ ತಡೆಯಲಾಗಲಿಲ್ಲ. ಓವನ್ ಒರೆಸುತ್ತಿದ್ದ ಬಟ್ಟೆ ಬಿಸಾಕಿ ಬಂದು ಅತ್ತೆಯ ಮುಂದೆ ಕೂತು ಅತ್ತಳು.

"ಕೈಗುಣ ಅಲ್ಲ ಅತ್ತೆ. ಅವತ್ತು ಸುಳ್ಳು ಯೋಳ್ದೆ. ನೋಡ್ದೆ ಸ್ವಿಚ್ ಹಾಕ್ಬುಟ್ಟಿದ್ದೆ. ಬೀಜ ಒಳಗೇ ಬೆಂದೋಗಿದ್ವು."

ಮಲ್ಲಿಗಮ್ಮ ಸೊಸೆಯ ತಲೆ ನೇವರಿಸಿದಳು.

"ನನ್ ಸಮಾಧಾನಕ್ಕೆ ಇಲ್ಲದ್ ತಪ್ಪ ಮೈಮ್ಯಾಲ್ ಎಳ್ಕೊಬ್ಯಾಡ, ಬುಡು ಮಗ. ಅಂಗೇನಾರ ಆಗಿದ್ರೆ ನೀನು ಅವತ್ತೇ ಯೋಳ್ತಿದ್ದೆ."