ಟೋಪಿಯ ಅಂಚು ಎರಡು ಸಲ

ಕಾಜಿಮಿರ್ ಲೆಸ್ನಿಯಾಕ್ ಬೇಸ್‌ಬಾಲ್ ಬಿಟ್ಟು ಬಹಳ ವರ್ಷಗಳಾಗಿದ್ದವು. ಆದರೂ ಮೈದಾನದ ಸನ್ನೆಗಳು ಮಾತ್ರ ಅವನ ಮತ್ತು ಹೆಂಡತಿ ವಾಂಡಾಳ ನಡುವೆ ಉಳಿದುಕೊಂಡಿದ್ದವು. ತರಬೇತುದಾರ ಬಾಯಿ ಬಿಡದೆ ಕೈಯಲ್ಲೇ ಆಟಗಾರರಿಗೆ ಹೇಳುವಂಥ ಸನ್ನೆಗಳು. ಕಿವಿ ಮುಟ್ಟಿಕೊಂಡರೆ ‘ಮನೆಗೆ ಹೋಗೋಣ’. ಎದೆ ಸವರಿಕೊಂಡರೆ ‘ಆ ಕಡುಬು ಬೇಡ, ಹಳಸಿದೆ’. ವಾಂಡಾಳ ಅಕ್ಕ ರೆಜಿನಾಳ ಮನೆಯ ಊಟಗಳಲ್ಲಿ ಇವೆರಡಕ್ಕೂ ಬಿಡುವೇ ಇರುತ್ತಿರಲಿಲ್ಲ. ಇನ್ನು ಟೋಪಿಯ ಅಂಚನ್ನು ಎರಡು ಸಲ ಮುಟ್ಟಿದರೆ ‘ಹೆದರಬೇಡ, ಬ್ಯಾಟು ಬೀಸು’. ಅಂಗಡಿಯಲ್ಲಿ ವಾಂಡಾ ಕೆಂಪು ಕೋಟು ಹಿಡಿದು ಮೀನಮೇಷ ಎಣಿಸುತ್ತಿದ್ದಾಗ ಅವನು ದೂರದಿಂದಲೇ ಟೋಪಿ ಮುಟ್ಟಿದ್ದ. ಆ ಕೋಟನ್ನೇ ಹಾಕಿಕೊಂಡು ಅವಳು ಈಗ ಟಿವಿ ಸ್ಟುಡಿಯೋಗೆ ಬಂದಿದ್ದಳು.

ಈರೀ ಊರಿನ ಚಾನೆಲ್ಲಿನಲ್ಲಿ ಚಳಿಗಾಲದುದ್ದಕ್ಕೂ ಬೇಸ್‌ಬಾಲ್ ರಸಪ್ರಶ್ನೆ ನಡೆಯುತ್ತಿತ್ತು. ಪ್ರಶ್ನೆ ಎಷ್ಟು ಕಷ್ಟದ್ದು ಬೇಕು ಎಂದು ಆಡುವವರೇ ಆರಿಸಬೇಕು. ಸುಲಭದ್ದಕ್ಕೆ ಹಲಗೆಯ ಮೇಲಿನ ದೀಪ ಒಂದು ಬೇಸ್, ಅಂದರೆ ಒಂದು ನಿಲ್ದಾಣ, ಮುಂದಕ್ಕೆ ಓಡುತ್ತದೆ; ಅತಿ ಕಷ್ಟದ್ದಕ್ಕೆ ಹೋಮ್ ರನ್, ದಾರಿಯಲ್ಲಿ ಕಾಯುತ್ತಿದ್ದ ದೀಪಗಳೂ ಸೇರಿ ಎಲ್ಲವೂ ಸುತ್ತು ಮುಗಿಸಿ ಮನೆ ಸೇರಿ ಒಂದೊಂದು ರನ್ ತರುತ್ತವೆ. ಗೆದ್ದವರಿಗೆ ಊರ ಮೈದಾನದಲ್ಲಿ ಇಡೀ ಬೇಸಿಗೆ ಎರಡು ಸೀಟು. ವಾಂಡಾಳ ಕಣ್ಣಿದ್ದದ್ದು ಆ ಎರಡನೇ ಸೀಟಿನ ಮೇಲೆ.

“ಗೆದ್ರೆ ರೆಜಿನಾನ ಕರ್ಕೊಂಡು ಹೋಗು,” ಎಂದಿದ್ದ ಕಾಜಿಮಿರ್.

“ಅವಳು ಆಟ ನೋಡ್ತಾಳಾ? ಪಕ್ಕದ ಸೀಟಿನೋರ ಕಾಯಿಲೆ ಕಸಾಲೆ ಎಲ್ಲಾ ವಿಚಾರಿಸ್ಕೊಂಡು ಬರ್ತಾಳೆ ಅಷ್ಟೆ. ನೀನು ಬಾ.”

“ನಾ ಬರಲ್ಲ ಅಂತ ಗೊತ್ತಲ್ಲ ನಿಂಗೆ.”

ಗೊತ್ತಿತ್ತು. ಊರ ತಂಡ ಫೈನಲ್ ತಲುಪಿದ್ದ ವರ್ಷ, ಕೊನೆಯ ಇನ್ನಿಂಗ್ಸಿನಲ್ಲಿ ಆಕಾಶದಿಂದ ನೇರ ಕೈಗೆ ಬಂದ ಚೆಂಡನ್ನು ಅವನು ಬಿಟ್ಟಿದ್ದ. ಊರು ಸೋತಿತು, ಜನ ಬೆನ್ನು ಹತ್ತಿದರು. ಕ್ಷೌರದಂಗಡಿಯಲ್ಲಿ “ಕೈಗೆ ಬೆಣ್ಣೆ ಹಚ್ಕೊಂಡಿದ್ಯೇನಪ್ಪಾ?” ಎಂದವರಿಗೆ ತಾವು ಜೀವನದಲ್ಲಿ ಏನೇನು ಕೈಬಿಟ್ಟಿದ್ದೇವೆಂದು ನೆನಪಿರಲಿಲ್ಲ. ಆಮೇಲೆ ಅವನು ಆ ಮೈದಾನದ ಬೀದಿಗೂ ಕಾಲಿಡಲಿಲ್ಲ. “ಆ ದಿನದ ಮಾತು ನಮ್ಮನೇಲಿ ಬೇಡ ಕಣೇ,” ಎಂದು ಮದುವೆಯ ಹೊಸತರಲ್ಲಿ ಕೇಳಿಕೊಂಡಿದ್ದ. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ವಾಂಡಾ ಇದೊಂದನ್ನು ಮಾತ್ರ ಕಾಪಾಡಿಕೊಂಡು ಬಂದಿದ್ದಳು. ಅವನಿಗೆ ಮುಜುಗರವಾಗದಿರಲೆಂದು ಸ್ಪರ್ಧೆಗೂ ತವರಿನ ಹೆಸರನ್ನೇ ಕೊಟ್ಟಿದ್ದಳು. ಅವನು ಕಾರಿನಲ್ಲೇ ಕೂರುತ್ತೇನೆಂದಿದ್ದ. ಹೊರಗೆ ಹಿಮ ಬೀಳುತ್ತಿತ್ತು, ಬೈದು ಒಳಗೆ ಪ್ರೇಕ್ಷಕರ ನಡುವೆ ಕೂರಿಸಿದ್ದಳು.

ಕೊನೆಯ ಸರದಿ ಬಂತು. ಎದುರಾಳಿ ಒಂದು ರನ್ ಮುಂದಿದ್ದ. ವಾಂಡಾಳ ಒಂದು ದೀಪ ಬೇಸಿನ ಮೇಲೆ ಕಾಯುತ್ತಿತ್ತು.

“ಯಾವ್ದು ಕೊಡ್ಲಿ ಮೇಡಂ?” ಅಂಪೈರ್ ವೇಷದ ನಿರೂಪಕ ಹ್ಯಾನ್ಲನ್ ಕೇಳಿದ.

“ಹೋಮ್ ರನ್ನೇ ಕೊಡಿ. ಇಷ್ಟು ದೂರ ಬಂದು ಸುಮ್ನೆ ಹೋಗಕ್ಕಾಗುತ್ತಾ?”

ಹ್ಯಾನ್ಲನ್ ಚೀಟಿ ಓದಿದ. “ನಮ್ಮೂರ ತಂಡ ಫೈನಲ್ ಆಡಿದ್ದು ಒಂದೇ ಸಲ. ಆವತ್ತು ಕೊನೇ ಇನ್ನಿಂಗ್ಸಲ್ಲಿ ಸುಲಭದ ಕ್ಯಾಚ್ ಬಿಟ್ಟ ಆಟಗಾರ ಯಾರು?”

ಹಿಂದಿನ ಸಾಲಿನಲ್ಲಿ ಯಾರೋ ಮುದುಕರು ಕಿಸಕ್ಕೆಂದರು. ಆ ಹೆಸರನ್ನು ವಾಂಡಾ ದಿನಕ್ಕೆ ನೂರು ಸಲ ಕೂಗುತ್ತಿದ್ದಳು, ಊಟಕ್ಕೆ, ಜಗಳಕ್ಕೆ, ಸುಮ್ಮಸುಮ್ಮನೆ. ಈಗ ಅದನ್ನು ಊರೆಲ್ಲ ನೋಡುತ್ತಿರುವಾಗ ಈ ಪ್ರಶ್ನೆಗೆ ಉತ್ತರವಾಗಿ ಹೇಳಬೇಕಿತ್ತು. ಹಾಳಾಗಿ ಹೋಗಲಿ ಸೀಟು ಎಂದುಕೊಂಡಳು. ಅವನಿಗಿಂತ ಅದು ಹೆಚ್ಚಲ್ಲ.

“ಟೈಮ್ ಆಗ್ತಾ ಇದೆ ಮೇಡಂ. ಗೊತ್ತಿಲ್ವಾ?”

‘ಗೊತ್ತಿಲ್ಲ’ ಎನ್ನಲು ಬಾಯಿ ತೆರೆದವಳು ಒಮ್ಮೆ ಗಂಡನ ಕಡೆ ನೋಡಿದಳು. ಕಿವಿ ಮುಟ್ಟಿಕೊಳ್ಳುತ್ತಾನೆ, ಎದ್ದು ಮನೆಗೆ ಹೋಗೋಣ ಎನ್ನುತ್ತಾನೆ ಎಂದುಕೊಂಡಿದ್ದಳು. ಕಾಜಿಮಿರ್‌ನ ಮುಖ ಕೆಂಪೇರಿತ್ತು. ಅವನ ಕೈ ಮೇಲಕ್ಕೆದ್ದಿತು, ಕಿವಿಯನ್ನು ದಾಟಿತು. ಟೋಪಿಯ ಅಂಚನ್ನು ಮುಟ್ಟಿದ. ಅವಳಿಗೆ ನಂಬಿಕೆ ಬರಲಿಲ್ಲವೆಂದು ತಿಳಿದು, ಇನ್ನೊಂದು ಸಲ ಗಟ್ಟಿಯಾಗಿ ಮುಟ್ಟಿದ.

“ಕಾಜಿಮಿರ್ ಲೆಸ್ನಿಯಾಕ್,” ಎಂದಳು ವಾಂಡಾ. “ನನ್ನ ಗಂಡ. ಆ ವರ್ಷ ಪೂರ್ತಿ ಅವನು ಎಷ್ಟು ಚೆಂಡು ಹಿಡ್ದ ಅಂತ ಒಬ್ರೂ ಕೇಳಲ್ಲ ನೋಡಿ ನೀವು.”

ಹ್ಯಾನ್ಲನ್ ಚೀಟಿಯನ್ನು ಇನ್ನೊಮ್ಮೆ ನೋಡಿದ. ಹಲಗೆಯ ದೀಪಗಳು ತಮ್ಮ ಪಾಡಿಗೆ ಸುತ್ತು ಹೊಡೆದು ಮನೆ ಸೇರಿದವು.

ಹಿಮ ಕರಗಿ ಆಟ ಶುರುವಾಯಿತು. ಮೊದಲ ಪಂದ್ಯಕ್ಕೆ ಇಬ್ಬರೂ ಹೋದರು. ಗೇಟಿನ ಬಳಿ ಅವನು ಬೂಟಿನ ಲೇಸನ್ನು ಬೇಕೆಂದೇ ನಿಧಾನವಾಗಿ ಕಟ್ಟಿದ. ಅವಳು ಅವಸರ ಮಾಡಲಿಲ್ಲ. ಕೂತ ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನವನು ತಿರುಗಿ ದಿಟ್ಟಿಸಿದ.

“ಅವತ್ತು ಕ್ಯಾಚ್ ಬಿಟ್ಟೋರು ನೀವೇ ಅಲ್ವಾ?”

ವಾಂಡಾ ಜಗಳಕ್ಕೆ ತೋಳೇರಿಸಿದಳು. ಕಾಜಿಮಿರ್ ಅವಳ ಮೊಣಕೈ ಹಿಡಿದ.

“ಹೌದಪ್ಪಾ, ನಾನೇ,” ಎಂದು ಪೊಟ್ಟಣ ಮುಂದೆ ಮಾಡಿದ. “ಕಡಲೆಕಾಯಿ ತಗೊಳ್ಳಿ.”

ಆ ಮನುಷ್ಯ ಒಂದು ಹಿಡಿ ತೆಗೆದುಕೊಂಡು ಆಟದ ಕಡೆ ತಿರುಗಿದ. ಅಷ್ಟೇ. ಇಷ್ಟು ವರ್ಷ ಹೆದರಿದ್ದು ಇಷ್ಟಕ್ಕೇ.

ತಂಡ ಹೀನಾಯವಾಗಿ ಸೋಲುತ್ತಿತ್ತು. ಗಾಳಿ ಚಳಿಚಳಿ, ಜನ ಒಬ್ಬೊಬ್ಬರೇ ಏಳತೊಡಗಿದರು. ವಾಂಡಾ ಮೆಲ್ಲಗೆ ಗಂಡನ ಕಡೆ ನೋಡಿ ತನ್ನ ಕಿವಿ ಮುಟ್ಟಿಕೊಂಡಳು. ಅವನು ಕಂಡೂ ಕಾಣದವನಂತೆ ಇನ್ನೊಂದು ಕಡಲೆಕಾಯಿ ಸುಲಿದು ಅವಳ ಬಾಯಿಗಿಟ್ಟ.